ಗುಂಪಿನ ತಾಲೀಮು: ಬಲಕ್ಕೆ ಬೆಂಬಲವೇ, ಅಡ್ಡಿಯೇ?

ಕೋಲಾರದ ಕ್ಯಾಲನೂರಿನ ಕಡೆಯ ಮಕ್ಕಳಿಗೆ ಮೈ ಬಗ್ಗಿಸುವುದನ್ನು ಯಾರೂ ಕಲಿಸಿಕೊಡಬೇಕಾಗಿಲ್ಲ. ಹಸುವಿಗೆ ಹುಲ್ಲಿನ ಹೊರೆ, ರೇಷ್ಮೆ ಹುಳುವಿಗೆ ಸೊಪ್ಪಿನ ಮೂಟೆ, ಮಾರುಕಟ್ಟೆಗೆ ಟೊಮೆಟೊ ಕ್ರೇಟು. ಇಲ್ಲಿ ಭಾರ ಎತ್ತುವುದು ಆಟವಾಗುವ ಮೊದಲೇ ಮನೆಗೆಲಸವಾಗಿರುತ್ತದೆ. ಆದರೆ ಹೈಸ್ಕೂಲು ದಾಟಿದ ಮಗನೋ ಮಗಳೋ ‘ಜಿಮ್‌ಗೆ ಸೇರುತ್ತೇನೆ’ ಎಂದಾಗ ಹೆತ್ತವರಿಗೆ ದಿಗಿಲು. ಅಲ್ಲಿ ಇಪ್ಪತ್ತು ಮಂದಿ ಒಟ್ಟಿಗೆ, ಗಡಿಯಾರ ಇಟ್ಟುಕೊಂಡು, ಇಂದು ಓಟ ಮತ್ತು ಬಸ್ಕಿ, ನಾಳೆ ಹಗ್ಗ ಮತ್ತು ಭಾರ ಎಂದು ದಿನಕ್ಕೊಂದು ಕಸರತ್ತು ಮಾಡುತ್ತಾರೆ. ಕುಸ್ತಿ, ಗುಂಡು ಎಸೆತ, ವೇಟ್‌ಲಿಫ್ಟಿಂಗ್‌ನಂಥ ಬಲದ ಆಟಗಳಲ್ಲಿ ಹೆಸರು ಮಾಡಬೇಕೆನ್ನುವವರಿಗೆ ಇದರಿಂದ ಉಪಯೋಗವಿದೆಯೇ?

ಹಳೆಯ ಗರಡಿ, ಹೊಸ ಹೆಸರು

ಗುಂಪಾಗಿ ತಾಲೀಮು ಮಾಡುವುದು ನಮಗೆ ಹೊಸದಲ್ಲ. ಗರಡಿಮನೆಯ ಕೆಂಪು ಮಣ್ಣಿನಲ್ಲಿ ಉಸ್ತಾದರ ಕಣ್ಣೆದುರು ದಂಡ, ಬಸ್ಕಿ, ಗದೆ ತಿರುಗಿಸುವುದು ಎಲ್ಲವೂ ಸಾಲಾಗಿ ನಡೆಯುತ್ತಿದ್ದವು. ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದಲ್ಲಿ 1953ರಲ್ಲಿ ಮಾರ್ಗನ್ ಮತ್ತು ಆ್ಯಡಮ್‌ಸನ್ ಎಂಬಿಬ್ಬರು ‘ಸರ್ಕ್ಯೂಟ್’ ತರಬೇತಿಯನ್ನು ರೂಪಿಸಿದರು. ಒಂದು ಕಸರತ್ತು ಮುಗಿದೊಡನೆ ಮುಂದಿನದಕ್ಕೆ ಹೋಗುವ ಕ್ರಮ ಅದು. ಅಮೆರಿಕದಲ್ಲಿ 2000ದಲ್ಲಿ ಆರಂಭವಾದ ‘ಕ್ರಾಸ್‌ಫಿಟ್’ ಓಟ, ಜಿಮ್ನಾಸ್ಟಿಕ್ಸ್, ಭಾರ ಎತ್ತುವಿಕೆಗಳನ್ನು ಬೆರೆಸಿ ಜಗತ್ತಿಗೆಲ್ಲ ಹಬ್ಬಿಸಿತು.

ಲಾಭಗಳು ಏನು?

ಮೊದಲನೆಯದು ಜೊತೆ. ಒಬ್ಬನೇ ಆದರೆ ಮೂರನೇ ದಿನಕ್ಕೆ ಮುಸುಕು ಹೊದ್ದು ಮಲಗುವ ಹುಡುಗ, ಗೆಳೆಯರು ಕಾಯುತ್ತಿದ್ದಾರೆಂದರೆ ಏಳುತ್ತಾನೆ. ಎರಡನೆಯದು ದಮ್ಮು. ಹೃದಯ, ಶ್ವಾಸಕೋಶ ಚೆನ್ನಾಗಿದ್ದರೆ ಒಂದು ಸುತ್ತಿನ ಎತ್ತುವಿಕೆ ಮುಗಿದ ಮೇಲೆ ಮುಂದಿನದಕ್ಕೆ ಬೇಗ ಸುಧಾರಿಸಿಕೊಳ್ಳಬಹುದು. ಮೂರನೆಯದು, ಹೊಸಬರ ಮೈ ಎಲ್ಲ ದಿಕ್ಕಿನಲ್ಲೂ ಬಾಗುವುದನ್ನು, ನೆಗೆಯುವುದನ್ನು, ತೂಗುವುದನ್ನು ಕಲಿಯುತ್ತದೆ. ಓಟ, ಜಿಗಿತ, ಗುಂಡು ಎಸೆತ ಮೂರನ್ನೂ ಕೇಳುವ ಪೊಲೀಸ್ ನೇಮಕಾತಿಗೆ ಸಿದ್ಧರಾಗುವವರಿಗಂತೂ ಇಂಥ ಬೆರಕೆ ತಾಲೀಮು ಹೇಳಿ ಮಾಡಿಸಿದಂತಿದೆ.

ಅಡ್ಡಿ ಎಲ್ಲಿ?

ದೇಹ ಯಾವ ಕೆಲಸವನ್ನು ಹೆಚ್ಚು ಮಾಡುತ್ತದೋ ಅದಕ್ಕೇ ಒಗ್ಗುತ್ತದೆ. ಅಮೆರಿಕದ ರಾಬರ್ಟ್ ಹಿಕ್ಸನ್ 1980ರಲ್ಲಿ ಪ್ರಕಟಿಸಿದ ಹತ್ತು ವಾರಗಳ ಅಧ್ಯಯನ ಈ ವಿಷಯದಲ್ಲಿ ಪ್ರಸಿದ್ಧ. ಬರೀ ಭಾರದ ತರಬೇತಿ ಪಡೆದವರ ಬಲ ಕೊನೆಯವರೆಗೂ ಏರಿತು. ಅದರ ಜೊತೆಗೆ ಕಠಿಣವಾದ ಓಟ, ಸೈಕಲ್ ತುಳಿತವನ್ನೂ ಮಾಡಿದವರ ಬಲ ಏಳು ವಾರಗಳವರೆಗೆ ಏರಿ, ಆಮೇಲೆ ನಿಂತು, ಕೊನೆಗೆ ಇಳಿಯಿತು. ಹಿತಮಿತವಾದ ಬೆರಕೆಯಿಂದ ಅಷ್ಟು ನಷ್ಟವಿಲ್ಲ ಎಂದು ಆನಂತರದ ಅಧ್ಯಯನಗಳು ಹೇಳುತ್ತವೆ. ಆದರೂ ಕ್ಷಣಾರ್ಧದಲ್ಲಿ ಸಿಡಿಯುವ ಶಕ್ತಿಗೆ ಮಾತ್ರ ಪೆಟ್ಟು ಬೀಳಬಹುದು. ಗುಂಡು ಎಸೆಯುವವರಿಗೂ ವೇಟ್‌ಲಿಫ್ಟರ್‌ಗೂ ಬೇಕಾದ್ದು ಅದೇ!

ಇನ್ನೊಂದು ಅಪಾಯ ಅವಸರದ್ದು. ನೆಲದ ಮೇಲಿನ ಭಾರವನ್ನು ಒಂದೇ ಎಳೆತಕ್ಕೆ ತಲೆಯ ಮೇಲೆ ಹಿಡಿಯುವ ಸ್ನ್ಯಾಚ್ ಬಲು ನಾಜೂಕಿನ ಕಲೆ. ದಣಿದ ಮೈಯಲ್ಲಿ, ಪಕ್ಕದವನನ್ನು ಹಿಂದೆ ಹಾಕುವ ಹಟದಲ್ಲಿ ಅದನ್ನು ಮೂವತ್ತು ಸಲ ಮಾಡಿದರೆ ಸೊಂಟ, ಭುಜ ನೋಯುವುದಷ್ಟೇ ಅಲ್ಲ, ತಪ್ಪು ಭಂಗಿಯೇ ರೂಢಿಯಾಗುತ್ತದೆ. ಅಭ್ಯಾಸವಿಲ್ಲದವರು ಮಿತಿಮೀರಿ ದಣಿದಾಗ ಸ್ನಾಯುಗಳು ಒಡೆದು ಮೂತ್ರಪಿಂಡಕ್ಕೇ ಕುತ್ತು ಬರುವುದೂ ಉಂಟು. ತಡೆಯಲಾಗದ ನೋವು, ಊತದ ಜೊತೆ ಮೂತ್ರ ಕಡುಕಂದು ಬಣ್ಣಕ್ಕೆ ತಿರುಗಿದರೆ ಮನೆಮದ್ದು ಮಾಡುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಕುಂದಾಪುರದ ಪಾಠ

ಈ ಎರಡು ದಾರಿಗಳನ್ನೂ ಹೊಂದಿಸಿಕೊಳ್ಳುವುದು ಹೇಗೆ? ಉತ್ತರಕ್ಕೆ ದೂರ ಹೋಗಬೇಕಾಗಿಲ್ಲ. ಕುಂದಾಪುರ ಕಡೆಯ ಗುರುರಾಜ ಪೂಜಾರಿ ಲಾರಿ ಚಾಲಕರೊಬ್ಬರ ಮಗ. 2008ರ ಒಲಿಂಪಿಕ್ಸ್‌ನಲ್ಲಿ ಸುಶೀಲ್ ಕುಮಾರ್ ಪದಕ ಗೆದ್ದದ್ದನ್ನು ಕಂಡು ಕುಸ್ತಿಗೆ ಇಳಿದವರು. ಉಜಿರೆಯ ಎಸ್‌ಡಿಎಂ ಕಾಲೇಜಿಗೆ ಬಂದ ಮೇಲೆ ಅವರು ಭಾರ ಎತ್ತುವಿಕೆಗೆ ತಿರುಗಿದರು. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದ 56 ಕೆ.ಜಿ. ವಿಭಾಗದಲ್ಲಿ ಒಟ್ಟು 249 ಕೆ.ಜಿ. ಎತ್ತಿ ಬೆಳ್ಳಿ ಗೆದ್ದರು; ಆ ಕೂಟದಲ್ಲಿ ಭಾರತಕ್ಕೆ ಬಂದ ಮೊದಲ ಪದಕ ಅದೇ. 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ 61 ಕೆ.ಜಿ. ವಿಭಾಗದಲ್ಲಿ 269 ಕೆ.ಜಿ. ಎತ್ತಿ ಕಂಚು ಪಡೆದರು. ಮೊದಲು ಕುಸ್ತಿಯ ತಾಲೀಮು, ಆಮೇಲೆ ಒಂದೇ ಆಟದ ಮೇಲೆ ವರ್ಷಗಟ್ಟಲೆ ಸಾಧನೆ. ಬುನಾದಿ ಅಗಲವಾಗಿರಲಿ, ಗೋಪುರ ಮಾತ್ರ ಒಂದೇ ಇರಲಿ ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕೆ?

ಹೆತ್ತವರು ಗಮನಿಸಬೇಕಾದ್ದು

ಹೊಸದಾಗಿ ಸೇರುವವರಿಗೆ ಮೊದಲ ಕೆಲವು ತಿಂಗಳು ಗುಂಪಿನ ತಾಲೀಮು ಒಳ್ಳೆಯದೇ. ಆಟ ಯಾವುದೆಂದು ನಿಶ್ಚಯವಾದ ಮೇಲೆ ಅದನ್ನು ವಾರಕ್ಕೆ ಒಂದೆರಡು ದಿನಕ್ಕೆ ಇಳಿಸಬೇಕು. ಅದೂ ಭಾರ ಎತ್ತುವ ದಿನ ಬಿಟ್ಟು. ಸ್ಪರ್ಧೆ ಹತ್ತಿರವಾದಾಗ ಆಯಾ ಆಟದ ಅಭ್ಯಾಸಕ್ಕೇ ಮೀಸಲಾಗುವುದು ಮೇಲು. ಎತ್ತಿದ ಭಾರ, ನಿದ್ದೆಯ ಗಂಟೆಗಳನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟರೆ ಬಲ ಏರುತ್ತಿದೆಯೋ ಇಳಿಯುತ್ತಿದೆಯೋ ತಾನಾಗಿ ತಿಳಿಯುತ್ತದೆ.

ಶುಲ್ಕ ಕಟ್ಟುವ ಮೊದಲು ಒಂದು ಬೆಳಿಗ್ಗೆ ಹೋಗಿ ನೋಡಿ ಬನ್ನಿ. ಒಬ್ಬ ತರಬೇತುದಾರನಿಗೆ ಎಷ್ಟು ಮಂದಿ? ಹೊಸಬನಿಗೂ ಹಳಬನಿಗೂ ಒಂದೇ ಭಾರವೇ? ಭಂಗಿ ತಪ್ಪಿದಾಗ ನಿಲ್ಲಿಸುತ್ತಾರೆಯೇ, ಅಥವಾ ‘ಇನ್ನೂ, ಇನ್ನೂ’ ಎನ್ನುತ್ತಾರೆಯೇ? ದುಬಾರಿ ಪುಡಿಯ ಡಬ್ಬಿ ಕೊಳ್ಳಲು ಒತ್ತಾಯಿಸಿದರೆ ಎಚ್ಚರವಿರಲಿ. ರಾಗಿಮುದ್ದೆ, ಹುರುಳಿ ಸಾರು, ಹಾಲು, ಮೊಟ್ಟೆಗಳಿಂದ ಬೆಳೆಯುವ ಮೈಗೆ ಬೇಕಾದ ಹೆಚ್ಚಿನದೆಲ್ಲ ಸಿಗುತ್ತದೆ.

ಗಡಿಯಾರದ ಜೊತೆ ಓಡುವುದು ಒಂದು ಸಾಮರ್ಥ್ಯ, ಭಾರದ ಎದುರು ತಾಳ್ಮೆಯಿಂದ ನಿಲ್ಲುವುದು ಇನ್ನೊಂದು. ತನ್ನ ಮಗುವಿಗೆ ಬೇಕಾದ್ದು ಯಾವುದೆಂದು ಮೊದಲು ತಿಳಿದುಕೊಂಡರೆ ಬೆವರೂ ವ್ಯರ್ಥವಾಗದು, ಹಣವೂ ವ್ಯರ್ಥವಾಗದು.