ಜಗಲಿ ಏರಿದ ಕಳ್ಳಿಗಳು: ಕಪ್ಪು-ಬಿಳುಪಿನ ಒಂದು ಸರಣಿ

ಕರಾವಳಿಯಲ್ಲಿ ಮಳೆ ಹಿಡಿಯಿತೆಂದರೆ ಅಂಗಳದ ಕೆಲವು ಕುಂಡಗಳಿಗೆ ಸ್ಥಳಾಂತರದ ಯೋಗ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಉಡುಪಿ ಜಿಲ್ಲೆಯಲ್ಲಿ ಕಳ್ಳಿ, ಲೋಳೆಸರಗಳ ಕುಂಡಗಳನ್ನು ಬಯಲಲ್ಲೇ ಬಿಟ್ಟರೆ ಬೇರು ಕೊಳೆಯುತ್ತದೆ. ಕಾಪುವಿನ ನಮ್ಮ ಅಜ್ಜಿಯ ಮನೆಯಲ್ಲಿ ಇಂತಹ ಒಂಬತ್ತು ಕುಂಡಗಳು ಜೂನ್ ಬಂದಾಗ ಜಗಲಿ ಏರುತ್ತವೆ.

ಕಳೆದ ವರ್ಷ ಹಾಗೆ ಸಾಲಾಗಿ ಕುಳಿತ ಅವುಗಳ ಫೋಟೋ ತೆಗೆದೆ. ರುಚಿಸಲಿಲ್ಲ. ಎಲ್ಲವೂ ಒಂದೇ ಹಸಿರು. ಕಣ್ಣು ಹೋಗುತ್ತಿದ್ದುದು ಹಿಂದಿದ್ದ ಕೆಂಪು ಪ್ಲಾಸ್ಟಿಕ್ ಬಕೆಟಿನ ಮೇಲೆ. ಬಣ್ಣ ತೆಗೆದು ನೋಡಿದೆ. ಬಕೆಟ್ ಹಿಂದೆ ಸರಿಯಿತು, ಗಿಡ ಎದುರಿಗೆ ಬಂತು.

ಇದು ಹೊಸ ಶೋಧವೇನೂ ಅಲ್ಲ. ಜರ್ಮನಿಯ ಕಾರ್ಲ್ ಬ್ಲಾಸ್‌ಫೆಲ್ಟ್ ಬರ್ಲಿನ್ನಿನ ಕಲಾಶಾಲೆಯಲ್ಲಿ ಸುಮಾರು 30 ವರ್ಷ ಪಾಠ ಹೇಳಿದವರು. ವಿದ್ಯಾರ್ಥಿಗಳಿಗೆ ವಿನ್ಯಾಸ ಕಲಿಸಲೆಂದು ಚಿಗುರು, ಕಾಂಡ, ಬೀಜಕೋಶಗಳನ್ನು ತಾವೇ ರೂಪಿಸಿಕೊಂಡ ಕ್ಯಾಮೆರಾದಲ್ಲಿ ಹಿಗ್ಗಿಸಿ ತೆಗೆದರು. 1928ರಲ್ಲಿ ಅವರ 120 ಚಿತ್ರಗಳ ಪುಸ್ತಕ ಬಂದಾಗ ಯುರೋಪು ಬೆರಗಾಯಿತು. ಕಬ್ಬಿಣದ ಕಟಕಟೆಯಲ್ಲೂ ಕಂಬದ ಬೋದಿಗೆಯಲ್ಲೂ ಇದ್ದ ಆಕಾರಗಳು ಬೇಲಿಯ ಗಿಡದಲ್ಲಿ ಮೊದಲೇ ಇದ್ದವು!

ಅದೇ ಕಾಲದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಇಮೋಜೆನ್ ಕನಿಂಗ್‌ಹ್ಯಾಂ ಎಂಬಾಕೆ ಇದ್ದರು. ಮೂವರು ಪುಟ್ಟ ಗಂಡುಮಕ್ಕಳ ತಾಯಿ. ಮಕ್ಕಳನ್ನು ಬಿಟ್ಟು ದೂರ ಹೋಗುವಂತಿರಲಿಲ್ಲ. ಹಾಗಾಗಿ ಕ್ಯಾಮೆರಾವನ್ನು ಮನೆಯ ತೋಟಕ್ಕೇ ತಿರುಗಿಸಿದರು. ಅವರು ತೆಗೆದ ಕತ್ತಾಳೆ, ಲೋಳೆಸರಗಳ ಕಪ್ಪು-ಬಿಳುಪು ಚಿತ್ರಗಳು ಇಂದು ಛಾಯಾಗ್ರಹಣದ ಇತಿಹಾಸದ ಭಾಗ. ಮನೆಗೆಲಸದ ನಡುವೆಯೂ ಕಲೆಗೆ ಬೇಕಾದ ವಸ್ತು ಅಂಗಳದಲ್ಲೇ ಸಿಕ್ಕಿತ್ತು.

ಈ ಗಿಡಗಳೇ ಕಪ್ಪು-ಬಿಳುಪಿಗೆ ಇಷ್ಟು ಒಗ್ಗುವುದೇಕೆ? ಉತ್ತರ ಅವುಗಳ ಬದುಕಿನಲ್ಲೇ ಇದೆ. ನೀರನ್ನು ಕೂಡಿಟ್ಟುಕೊಳ್ಳಲು ಎಲೆ ಅಥವಾ ಕಾಂಡ ದಪ್ಪವಾಗುತ್ತದೆ. ಆವಿ ತಡೆಯಲು ಮೇಲೊಂದು ಮೇಣದ ಲೇಪ. ಬಹುತೇಕ ಗಿಡಗಳು ಎಲೆಯ ರಂಧ್ರಗಳನ್ನು ಹಗಲು ತೆರೆದರೆ, ಇವುಗಳಲ್ಲಿ ಹೆಚ್ಚಿನವು ರಾತ್ರಿಯ ತಂಪಿನಲ್ಲಿ ತೆರೆಯುತ್ತವೆ. ಹೊಸ ಎಲೆ ಹಳೆಯದನ್ನು ಪೂರ್ತಿ ಮುಚ್ಚದಂತೆ ಸುರುಳಿಯಲ್ಲಿ ಹುಟ್ಟುತ್ತದೆ. ಮೇಣದ ಮೇಲೆ ಬೆಳಕು ಬೂದಿಯ ಹತ್ತಾರು ಛಾಯೆಗಳಾಗಿ ಹರಡುತ್ತದೆ. ಬಣ್ಣವಿಲ್ಲದಾಗ ಆ ಸುರುಳಿಯೇ ಚಿತ್ರವಾಗುತ್ತದೆ.

ಆದರೆ ಒಂದು ಚಿತ್ರ ಹೇಳದ್ದನ್ನು ಗುಂಪು ಹೇಳುತ್ತದೆ. ಕನ್ನಡದಲ್ಲಿ ನಾವು ಪಾಪಾಸುಕಳ್ಳಿಯನ್ನೂ ಹಾಲು ಸುರಿಸುವ ಕಳ್ಳಿಯನ್ನೂ 'ಕಳ್ಳಿ' ಎಂದೇ ಕರೆಯುತ್ತೇವೆ. ಸಸ್ಯಶಾಸ್ತ್ರದ ಪ್ರಕಾರ ಅವು ನೆಂಟರೇ ಅಲ್ಲ. ಪಾಪಾಸುಕಳ್ಳಿಯ ತವರು ಅಮೆರಿಕ ಖಂಡ. 18ನೇ ಶತಮಾನದ ಕೊನೆಯಲ್ಲಿ ಕೆಂಪು ಬಣ್ಣ ಕೊಡುವ ಕೀಟ ಸಾಕಲೆಂದು ಈಸ್ಟ್ ಇಂಡಿಯಾ ಕಂಪೆನಿಯವರು ಮದರಾಸಿನಲ್ಲಿ ಇಂತಹ ಕಳ್ಳಿಯ ತೋಟವನ್ನೇ ಮಾಡಿದ್ದರು. ಹಾಲುಗಳ್ಳಿಗಳಲ್ಲಿ ಹಲವು ಭಾರತದ ಒಣನೆಲದವೇ. ಬರವೆಂಬ ಒಂದೇ ಕಷ್ಟಕ್ಕೆ ದೂರದ ಎರಡು ಕುಲಗಳು ಒಂದೇ ಉಪಾಯ ಕಂಡುಕೊಂಡವು. ಅಕ್ಕಪಕ್ಕ ಇಟ್ಟ ಎರಡು ಚಿತ್ರಗಳಲ್ಲಿ ಈ ಹೋಲಿಕೆಯೂ ವ್ಯತ್ಯಾಸವೂ ಒಟ್ಟಿಗೆ ಕಾಣುತ್ತವೆ.

ಸರಣಿಗೆ ನಿಯಮ ಬೇಕು: ಒಂದೇ ದೂರ, ಒಂದೇ ಎತ್ತರ, ಒಂದೇ ಹಿನ್ನೆಲೆ, ಒಂದೇ ಬೆಳಕು. ಆಗಷ್ಟೇ ನೋಡುವವರ ಗಮನ ಗಿಡದ ಮೇಲೆ ನಿಲ್ಲುತ್ತದೆ. ಜರ್ಮನಿಯ ಬೆಷರ್ ದಂಪತಿ ನೀರಿನ ಟ್ಯಾಂಕುಗಳನ್ನು ಹೀಗೆಯೇ ಮೋಡದ ದಿನಗಳಲ್ಲಿ ತೆಗೆದು ಸಾಲಾಗಿ ಜೋಡಿಸಿದರು. ನಮಗೆ ಮೋಡಕ್ಕೇನು ಬರ? ಜುಲೈಯ ಜಗಲಿಯಲ್ಲಿ ಗಾಢ ನೆರಳಿಲ್ಲದ ಮೆದು ಬೆಳಕು ದಿನವಿಡೀ ಇರುತ್ತದೆ. ಹಿನ್ನೆಲೆಗೆ ಬಿಡಿಸಿಟ್ಟ ಹಳೆಯ ಕಪ್ಪು ಕೊಡೆ ಸಾಕಾಯಿತು. ಫಿಲ್ಮಿನ ಕಾಲದಲ್ಲಿ ಮಸೂರದ ಮುಂದೆ ಕೆಂಪು ಫಿಲ್ಟರ್ ಇಟ್ಟರೆ ಹಸಿರು ಕಪ್ಪಾಗುತ್ತಿತ್ತು, ಹಸಿರು ಫಿಲ್ಟರ್ ಇಟ್ಟರೆ ತಿಳಿಯಾಗುತ್ತಿತ್ತು. ಈಗ ಅದೇ ಹೊಂದಾಣಿಕೆಯನ್ನು ಮೊಬೈಲಿನಲ್ಲೂ ಮಾಡಬಹುದು. ಎಚ್ಚರಿಕೆ ಎರಡೇ: ಎಲೆಯ ಬೂದುಮೇಣವನ್ನು ಒರೆಸಬಾರದು, ಬೆರಳಚ್ಚು ಉಳಿದುಬಿಡುತ್ತದೆ, ಕಳ್ಳಿಯ ಹಾಲು ಕಣ್ಣಿಗೆ ತಾಗಬಾರದು.

ಒಂಬತ್ತು ಚಿತ್ರಗಳನ್ನು ಮಣಿಪಾಲದಲ್ಲಿ ಮುದ್ರಿಸಿ, ಮೂರು ಸಾಲು ಮಾಡಿ ಅಜ್ಜಿಯ ಮುಂದಿಟ್ಟೆ. "ಎಂತ ಮಗಾ, ಬಣ್ಣ ಎಲ್ಲಿ ಹೋಯಿತು?" ಎಂದರು. ಮತ್ತೆ ಕನ್ನಡಕ ಸರಿಮಾಡಿಕೊಂಡು ಒಂದೊಂದನ್ನೇ ಮುಟ್ಟಿದರು. ಇದು ಕಾರ್ಕಳದ ತವರಿನಿಂದ ತಂದದ್ದು, ಗೊಮ್ಮಟಬೆಟ್ಟದ ದಾರಿಯ ಮನೆಯದು. ಇದು ಮಣಿಪಾಲದ ಆಸ್ಪತ್ರೆಯಲ್ಲಿ ಪಕ್ಕದ ಮಂಚದಲ್ಲಿದ್ದಾಕೆ ಆಮೇಲೆ ಮನೆಗೆ ಕಳುಹಿಸಿದ ತುಂಡು. ಇದು ತೀರಿಹೋದ ತಂಗಿಯದು. ಯಾವುದನ್ನೂ ದುಡ್ಡು ಕೊಟ್ಟು ತಂದಿರಲಿಲ್ಲ. ಎಲ್ಲವೂ ಯಾರೋ ಮುರಿದುಕೊಟ್ಟ ಒಂದು ಎಲೆ, ಒಂದು ಗೆಣ್ಣು.

ನಾನು ಆಕಾರಗಳ ಸರಣಿ ಮಾಡಿದ್ದೆ; ಅವರು ಅದನ್ನು ಕುಟುಂಬದ ಆಲ್ಬಂನಂತೆ ಓದಿದರು. 1432ರಲ್ಲಿ ಪ್ರತಿಷ್ಠೆಗೊಂಡ ಕಾರ್ಕಳದ ಗೊಮ್ಮಟನನ್ನು ಯಾರು ನಿಲ್ಲಿಸಿದರೆಂಬುದು ಶಾಸನದಲ್ಲಿದೆ. ಅಂಗಳದ ಗಿಡವನ್ನು ಯಾರು ಕೊಟ್ಟರೆಂಬುದು ನೆನಪಿನಲ್ಲಿ ಮಾತ್ರ ಇರುತ್ತದೆ. ಅಂಗಳಗಳಿಗೆ ಇಂಟರ್‌ಲಾಕ್ ಹಾಸುವ ಈ ದಿನಗಳಲ್ಲಿ ಕುಂಡದೊಂದಿಗೆ ಆ ನೆನಪೂ ಹೊರಗೆ ಹೋಗುತ್ತದೆ.

ಅಂದು ಸಂಜೆಯೇ ಪ್ರತಿ ಚಿತ್ರದ ಹಿಂದೆ ಅಜ್ಜಿ ಹೇಳಿದ ಹೆಸರನ್ನು ಪೆನ್ಸಿಲಿನಲ್ಲಿ ಬರೆದೆ. ಆ ಮಳೆಗಾಲ ಮುಗಿಯುವುದರೊಳಗೆ ಎರಡು ಗಿಡ ಕೊಳೆತವು. ಅದರಲ್ಲಿ ಒಂದು ತಂಗಿಯದು. ಚಿತ್ರವೂ ಹೆಸರೂ ಉಳಿದಿವೆ. ನಿಮ್ಮ ಜಗಲಿಯಲ್ಲೂ ನಾಲ್ಕು ಕುಂಡಗಳಿದ್ದರೆ, ಹಿಂದೊಂದು ಕೊಡೆ ಬಿಡಿಸಿಟ್ಟು ನೋಡಿ. ಗಿಡದ ಫೋಟೋ ತೆಗೆದಾದ ಮೇಲೆ, ಅದನ್ನು ಕೊಟ್ಟವರು ಯಾರೆಂದು ಮನೆಯ ಹಿರಿಯರನ್ನು ಕೇಳಲು ಮರೆಯಬೇಡಿ.