ಕಂಪ್ಯೂಟರ್ ಒಂದೇ, ಕಣ್ಣುಗಳು ಬೇರೆ ಬೇರೆ

ಮನೆಯ ಹಜಾರದ ಮೂಲೆಯಲ್ಲಿ ಒಂದು ಕಂಪ್ಯೂಟರ್ ಇದೆ ಎಂದಿಟ್ಟುಕೊಳ್ಳಿ. ಬೆಳಿಗ್ಗೆ ತಂದೆ ಅದರಲ್ಲಿ ಅಂಗಡಿಯ ಲೆಕ್ಕ ಬರೆಯುತ್ತಾರೆ. ಮಧ್ಯಾಹ್ನ ಕಾಲೇಜಿನಿಂದ ಬಂದ ಮಗಳು ನೋಟ್ಸ್ ತಯಾರಿಸುತ್ತಾಳೆ. ಸಂಜೆ ಏಳನೇ ತರಗತಿಯ ಹುಡುಗ ಪಾಠದ ವೀಡಿಯೋ ನೋಡುತ್ತಾನೆ. ರಾತ್ರಿ ಅಜ್ಜಿ ಅದರ ಮುಂದೆ ಕುಳಿತು ಗಲ್ಫ್‌ನಲ್ಲಿರುವ ಮಗನ ಮುಖ ನೋಡಿ ಮಾತಾಡುತ್ತಾರೆ. ನಾಲ್ವರ ವಯಸ್ಸು ಬೇರೆ, ಎತ್ತರ ಬೇರೆ, ಕಣ್ಣಿನ ಶಕ್ತಿ ಬೇರೆ. ಆದರೆ ಕಂಪ್ಯೂಟರ್ ಮಾತ್ರ ಅಂಗಡಿಯಿಂದ ಬಂದ ದಿನ ಹೇಗಿತ್ತೋ ಹಾಗೆಯೇ ಇದೆ. ಅದೇ ಸಣ್ಣ ಅಕ್ಷರ, ಅದೇ ಪ್ರಖರ ಬೆಳಕು.

ಹೀಗಾದಾಗ ಯಂತ್ರ ನಮಗೆ ಹೊಂದಿಕೊಳ್ಳುವುದಿಲ್ಲ, ನಾವೇ ಯಂತ್ರಕ್ಕೆ ಹೊಂದಿಕೊಳ್ಳುತ್ತೇವೆ. ಅಕ್ಷರ ಕಾಣದಿದ್ದರೆ ಕತ್ತು ಮುಂದೆ ಚಾಚುತ್ತೇವೆ. ಬೆಳಕು ಚುಚ್ಚಿದರೆ ಕಣ್ಣು ಕಿರಿದು ಮಾಡುತ್ತೇವೆ. ದಿನವಿಡೀ ಹೀಗೆ ಕುಳಿತರೆ ಸಂಜೆಯ ಹೊತ್ತಿಗೆ ಕಣ್ಣುರಿ, ತಲೆನೋವು, ಕುತ್ತಿಗೆ ನೋವು ಬರುವುದು ಸಹಜ. ಇದರಲ್ಲಿ ಬಹುಪಾಲನ್ನು ಒಂದು ರೂಪಾಯಿ ಖರ್ಚಿಲ್ಲದೆ, ಅರ್ಧ ಗಂಟೆಯಲ್ಲಿ ಕಡಿಮೆ ಮಾಡಬಹುದು. ಹೆಚ್ಚಿನ ಮನೆಗಳಲ್ಲಿರುವುದು ವಿಂಡೋಸ್ ಆದ್ದರಿಂದ ವಿಂಡೋಸ್ 11ರ ಕ್ರಮವನ್ನು ಇಲ್ಲಿ ಹೇಳಿದೆ. ವಿಂಡೋಸ್ 10ರಲ್ಲೂ ಇವೆಲ್ಲ ಇವೆ, ಹೆಸರು ಮತ್ತು ಜಾಗ ಸ್ವಲ್ಪ ಬೇರೆ. ಕೀಬೋರ್ಡ್‌ನಲ್ಲಿ ಕಿಟಕಿಯ ಗುರುತಿರುವ ವಿಂಡೋಸ್ ಕೀಯನ್ನು ಒತ್ತಿ ಹಿಡಿದು ‘ಐ’ ಅಕ್ಷರ ಒತ್ತಿ. ಸೆಟ್ಟಿಂಗ್ಸ್ ತೆರೆದುಕೊಳ್ಳುತ್ತದೆ.

ಮೊದಲು ಒಬ್ಬೊಬ್ಬರಿಗೆ ಒಂದೊಂದು ಅಕೌಂಟ್

ಹೆಚ್ಚಿನ ಮನೆಗಳಲ್ಲಿ ಎಲ್ಲರೂ ಒಂದೇ ಅಕೌಂಟ್ ಬಳಸುತ್ತಾರೆ. ಅಜ್ಜಿಗಾಗಿ ಅಕ್ಷರ ದೊಡ್ಡದು ಮಾಡಿದರೆ ಮೊಮ್ಮಗನಿಗೆ ಕಿರಿಕಿರಿ. ಅವನು ಅದನ್ನು ಪುನಃ ಸಣ್ಣದು ಮಾಡುತ್ತಾನೆ, ಮರುದಿನ ಅಜ್ಜಿ ಮತ್ತೆ ಕನ್ನಡಕ ಒರೆಸುತ್ತಾ ಕೂರುತ್ತಾರೆ. ಆದ್ದರಿಂದ ಮೊದಲ ಕೆಲಸ ಇದು. ಸೆಟ್ಟಿಂಗ್ಸ್‌ನಲ್ಲಿ ‘ಅಕೌಂಟ್ಸ್’ ತೆರೆದು ‘ಅದರ್ ಯೂಸರ್ಸ್’ಗೆ ಹೋಗಿ ‘ಆ್ಯಡ್ ಅಕೌಂಟ್’ ಒತ್ತಿ. ಮನೆಯ ಪ್ರತಿಯೊಬ್ಬರ ಹೆಸರಿನಲ್ಲೂ ಒಂದು ಅಕೌಂಟ್ ಮಾಡಿ. ಅಕ್ಷರದ ಗಾತ್ರ, ಮೌಸ್ ಬಾಣದ ಗಾತ್ರ, ಬಣ್ಣ ಎಲ್ಲವೂ ಆಯಾ ಅಕೌಂಟಿನಲ್ಲೇ ಉಳಿಯುತ್ತವೆ. ಒಬ್ಬರು ಬದಲಾಯಿಸಿದ್ದು ಇನ್ನೊಬ್ಬರಿಗೆ ತಾಗುವುದಿಲ್ಲ.

ಹಿರಿಯರಲ್ಲಿ ಒಬ್ಬರ ಅಕೌಂಟ್ ಮಾತ್ರ ‘ಅಡ್ಮಿನಿಸ್ಟ್ರೇಟರ್’ ಆಗಿರಲಿ, ಉಳಿದವು ‘ಸ್ಟ್ಯಾಂಡರ್ಡ್’ ಆಗಿರಲಿ. ಆಗ ಮಕ್ಕಳು ಗೊತ್ತಿಲ್ಲದೆ ಮುಖ್ಯ ಸೆಟ್ಟಿಂಗ್ ಬದಲಾಯಿಸುವ ಭಯವೂ ಇರುವುದಿಲ್ಲ.

ಅಕ್ಷರ ಹತ್ತಿರ ಬರಲಿ, ಮುಖವಲ್ಲ

ಪರದೆ ಕಣ್ಣಿನಿಂದ ಹೆಚ್ಚುಕಡಿಮೆ ಒಂದು ತೋಳಿನಷ್ಟು ದೂರದಲ್ಲಿರಬೇಕು. ಅಷ್ಟು ದೂರದಿಂದ ಓದಲು ಕಷ್ಟವಾದರೆ ಮುಖವನ್ನು ಹತ್ತಿರ ತರಬೇಡಿ, ಅಕ್ಷರವನ್ನು ದೊಡ್ಡದು ಮಾಡಿ. ‘ಆ್ಯಕ್ಸೆಸಿಬಿಲಿಟಿ’ಯಲ್ಲಿ ‘ಟೆಕ್ಸ್ಟ್ ಸೈಜ್’ ಎಂದಿದೆ. ಅಲ್ಲಿರುವ ಗುಂಡಿಯನ್ನು ಬಲಕ್ಕೆ ಎಳೆದು ‘ಅಪ್ಲೈ’ ಒತ್ತಿ. ಅಕ್ಷರದ ಜೊತೆ ಚಿತ್ರ, ಬಟನ್‌ಗಳೂ ದೊಡ್ಡದಾಗಬೇಕಾದರೆ ‘ಸಿಸ್ಟಮ್’, ‘ಡಿಸ್‌ಪ್ಲೇ’ ಎಂಬಲ್ಲಿ ‘ಸ್ಕೇಲ್’ ಅನ್ನು ಶೇಕಡಾ 125 ಅಥವಾ 150ಕ್ಕೆ ಇಡಿ. ಅದರ ಕೆಳಗಿರುವ ‘ರೆಸಲ್ಯೂಶನ್’ ಅನ್ನು ಮಾತ್ರ ಮುಟ್ಟಬೇಡಿ. ‘ರೆಕಮೆಂಡೆಡ್’ ಎಂದು ಬರೆದದ್ದೇ ಇರಲಿ. ಅದನ್ನು ಇಳಿಸಿದರೆ ಎಲ್ಲವೂ ದೊಡ್ಡದೇನೋ ಆಗುತ್ತದೆ, ಆದರೆ ಅಕ್ಷರದ ಅಂಚು ಮಸುಕಾಗಿ ಕಣ್ಣಿಗೆ ಇನ್ನಷ್ಟು ಶ್ರಮವಾಗುತ್ತದೆ.

ಯಾವಾಗಲೋ ಒಮ್ಮೆ ಸಣ್ಣ ಅಕ್ಷರ ಓದಬೇಕಾದರೆ ವಿಂಡೋಸ್ ಕೀ ಜೊತೆ ಪ್ಲಸ್ ಗುರುತು ಒತ್ತಿ. ಪರದೆಗೆ ಭೂತಗನ್ನಡಿ ಹಿಡಿದಂತೆ ಆಗುತ್ತದೆ. ವಿಂಡೋಸ್ ಕೀ ಜೊತೆ ‘ಎಸ್ಕೇಪ್’ ಒತ್ತಿದರೆ ಅದು ಮುಚ್ಚುತ್ತದೆ. ಮೌಸ್‌ನ ಬಾಣ ಎಲ್ಲಿ ಹೋಯಿತೆಂದು ಹಿರಿಯರು ಹುಡುಕುವುದನ್ನು ನೀವು ನೋಡಿರಬಹುದು. ‘ಆ್ಯಕ್ಸೆಸಿಬಿಲಿಟಿ’ಯಲ್ಲೇ ‘ಮೌಸ್ ಪಾಯಿಂಟರ್’ ತೆರೆದು ಬಾಣವನ್ನು ದೊಡ್ಡದು ಮಾಡಿ, ಎದ್ದು ಕಾಣುವ ಬಣ್ಣ ಕೊಡಿ.

ಬೆಳಕು ಕೋಣೆಗೆ ತಕ್ಕಂತೆ

ಬಿಳಿ ಹಾಳೆಯೊಂದನ್ನು ಪರದೆಯ ಪಕ್ಕದಲ್ಲಿ ಹಿಡಿದು ನೋಡಿ. ಪರದೆ ಹಾಳೆಗಿಂತ ದೀಪದಂತೆ ಹೊಳೆಯುತ್ತಿದ್ದರೆ ಬೆಳಕು ಜಾಸ್ತಿ. ಹಾಳೆಗಿಂತ ಕಂದಿ ಬೂದಿಯಂತೆ ಕಂಡರೆ ಕಡಿಮೆ. ಎರಡೂ ಒಂದೇ ರೀತಿ ಕಾಣುವಂತೆ ‘ಬ್ರೈಟ್‌ನೆಸ್’ ಇಡಿ. ಲ್ಯಾಪ್‌ಟಾಪ್ ಆದರೆ ಇದು ‘ಡಿಸ್‌ಪ್ಲೇ’ಯಲ್ಲಿ ಸಿಗುತ್ತದೆ. ಮೇಜಿನ ಕಂಪ್ಯೂಟರ್ ಆದರೆ ಸಾಮಾನ್ಯವಾಗಿ ಮಾನಿಟರ್‌ನ ಕೆಳಗೋ ಹಿಂದೆಯೋ ಇರುವ ಬಟನ್‌ಗಳಿಂದ ಹೊಂದಿಸಬೇಕು. ಕಿಟಕಿಯ ಬೆಳಕು ಪರದೆಯ ಮೇಲೆ ಬಿದ್ದು ಕನ್ನಡಿಯಂತೆ ಹೊಳೆಯುತ್ತಿದ್ದರೆ ಯಾವ ಸೆಟ್ಟಿಂಗೂ ಉಪಯೋಗಕ್ಕೆ ಬಾರದು. ಕಿಟಕಿ ಪಕ್ಕಕ್ಕೆ ಬರುವಂತೆ ಮೇಜನ್ನು ತಿರುಗಿಸಿ. ದೀಪ ಆರಿಸಿ ಕತ್ತಲಲ್ಲಿ ಪರದೆ ನೋಡುವ ಅಭ್ಯಾಸವನ್ನೂ ಬಿಡಿ.

ರಾತ್ರಿಗೆ ‘ನೈಟ್ ಲೈಟ್’ ಎಂಬ ಸೌಲಭ್ಯವಿದೆ. ಅದು ಪರದೆಯ ನೀಲಿ ಬೆಳಕನ್ನು ತಗ್ಗಿಸಿ ಹಳದಿ ಛಾಯೆ ಕೊಡುತ್ತದೆ. ‘ಡಿಸ್‌ಪ್ಲೇ’ಯಲ್ಲಿ ಅದನ್ನು ತೆರೆದು, ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ತಾನಾಗಿಯೇ ಬರುವಂತೆ ಇಡಬಹುದು. ಅನೇಕರಿಗೆ ಇದು ಹಿತವೆನಿಸುತ್ತದೆ. ಆದರೆ ಇದರಿಂದಲೇ ನಿದ್ರೆ ಸರಿಯಾಗುತ್ತದೆ ಎಂದು ನಂಬಿ ಕೂರಬೇಡಿ. ಪರದೆಯ ನೀಲಿ ಬೆಳಕು ಕಣ್ಣನ್ನು ಹಾಳುಮಾಡುತ್ತದೆ ಎಂಬ ಮಾತಿಗೂ ಆಧಾರವಿಲ್ಲ. ಅದಕ್ಕಾಗಿ ದುಬಾರಿ ಕನ್ನಡಕ ಕೊಳ್ಳಬೇಕಿಲ್ಲ ಎಂದು ಅಮೆರಿಕದ ನೇತ್ರತಜ್ಞರ ಅಕಾಡೆಮಿ ಹೇಳುತ್ತದೆ. ನಿದ್ರೆ ಕೆಡಿಸುವುದು ಬೆಳಕೊಂದೇ ಅಲ್ಲ. ‘ಇನ್ನೊಂದು ವೀಡಿಯೋ’ ಎನ್ನುತ್ತಾ ಮನಸ್ಸು ಎಚ್ಚರವಾಗಿಯೇ ಉಳಿಯುತ್ತದೆ. ಇಶಾ ನಮಾಝ್ ಮತ್ತು ಊಟ ಮುಗಿದ ಮೇಲೆ ಕಂಪ್ಯೂಟರನ್ನು ಪೂರ್ತಿ ಮುಚ್ಚಿಬಿಟ್ಟರೆ ಫಜ್ರ್‌ಗೆ ಏಳುವುದು ಎಷ್ಟು ಸುಲಭವೆಂದು ನಿಮಗೇ ತಿಳಿಯುತ್ತದೆ. ಮುಚ್ಚಲಾಗದ ದಿನ ‘ನೋಟಿಫಿಕೇಶನ್ಸ್’ನಲ್ಲಿ ‘ಡು ನಾಟ್ ಡಿಸ್ಟರ್ಬ್’ ಆದರೂ ಇರಲಿ.

ಕೈ, ಕುತ್ತಿಗೆ

ಎಡಗೈ ಬಳಸುವ ಮಗುವಿಗೆ ಬಲಗೈಯಲ್ಲಿ ಮೌಸ್ ಹಿಡಿಸಬೇಡಿ. ‘ಬ್ಲೂಟೂತ್ ಆ್ಯಂಡ್ ಡಿವೈಸಸ್’ನಲ್ಲಿ ‘ಮೌಸ್’ ತೆರೆದು ಮುಖ್ಯ ಬಟನ್ ಅನ್ನು ‘ರೈಟ್’ ಎಂದು ಬದಲಾಯಿಸಿದರೆ ಅದು ಎಡಗೈಗೆ ಒಗ್ಗುತ್ತದೆ. ಬಾಣದ ವೇಗವನ್ನು ಅಲ್ಲೇ ಸ್ವಲ್ಪ ಹೆಚ್ಚಿಸಿದರೆ ಮಣಿಕಟ್ಟು ಅಷ್ಟು ದೂರ ಸರಿಯಬೇಕಿಲ್ಲ. ಕೈ ನಡುಗುವ ಹಿರಿಯರಿಗಾದರೆ ವೇಗ ಕಡಿಮೆ ಮಾಡಿ.

ಪರದೆಯ ಮೇಲಂಚು ಕಣ್ಣಿನ ಮಟ್ಟದಲ್ಲಿ ಅಥವಾ ಸ್ವಲ್ಪ ಕೆಳಗೆ ಇರಲಿ. ಲ್ಯಾಪ್‌ಟಾಪನ್ನು ಗಟ್ಟಿ ಪೆಟ್ಟಿಗೆಯ ಮೇಲಿಟ್ಟು ಬೇರೆ ಕೀಬೋರ್ಡ್, ಮೌಸ್ ಜೋಡಿಸಿದರೆ ಬಗ್ಗಿ ಕೂರುವುದು ತಪ್ಪುತ್ತದೆ. ದೂರಕ್ಕೂ ಹತ್ತಿರಕ್ಕೂ ಒಂದೇ ಕನ್ನಡಕ ಹಾಕುವವರ ವಿಷಯ ಬೇರೆ. ಅವರು ಗಾಜಿನ ಕೆಳಭಾಗದಿಂದ ಓದಲು ಗಲ್ಲ ಎತ್ತುತ್ತಾರೆ, ಕುತ್ತಿಗೆ ಹಿಂದಕ್ಕೆ ಬಾಗುತ್ತದೆ. ಅಂಥವರಿಗೆ ಪರದೆ ಇನ್ನೂ ತಗ್ಗಿನಲ್ಲಿರಬೇಕು.

ಮಕ್ಕಳ ಸಮಯ

ಮಕ್ಕಳಿಗೆ ಸಮಯದ ಮಿತಿ ಹಾಕಲು ‘ಅಕೌಂಟ್ಸ್’ನಲ್ಲಿ ‘ಫ್ಯಾಮಿಲಿ’ ಇದೆ. ತಂದೆತಾಯಿ ಹಾಗೂ ಮಗುವಿಗೆ ಬೇರೆ ಬೇರೆ ಮೈಕ್ರೋಸಾಫ್ಟ್ ಅಕೌಂಟ್ ಬೇಕು. ದಿನಕ್ಕೆ ಎಷ್ಟು ಗಂಟೆ, ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗೆ ಎಂದು ನಿಗದಿ ಮಾಡಬಹುದು. ಆದರೆ ಮಗುವಿಗೆ ಹೇಳದೆ ಮಿತಿ ಹಾಕಿದರೆ ಅದು ಶಿಕ್ಷೆಯಂತೆ ಕಾಣುತ್ತದೆ. ಜೊತೆಯಲ್ಲಿ ಕುಳಿತು, ಕಾರಣ ಹೇಳಿ, ಅವರನ್ನೂ ಕೇಳಿ ನಿಗದಿ ಮಾಡಿ. ಎರಡರಿಂದ ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ನೋಡಬಾರದು, ಅದಕ್ಕಿಂತ ಚಿಕ್ಕವರಿಗೆ ಪರದೆಯೇ ಬೇಡ ಎಂಬುದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ನೀಡಿದ ಸಲಹೆ. ಶಾಲೆಗೆ ಹೋಗುವ ಮಕ್ಕಳ ಕಣ್ಣಿಗೆ ಹಗಲಿನ ಬಯಲಾಟಕ್ಕಿಂತ ಒಳ್ಳೆಯ ಸೆಟ್ಟಿಂಗ್ ಇಲ್ಲ. ಹೊರಗಿನ ಬೆಳಕಿನಲ್ಲಿ ಹೆಚ್ಚು ಹೊತ್ತು ಕಳೆಯುವ ಮಕ್ಕಳಿಗೆ ಸಮೀಪದೃಷ್ಟಿ ದೋಷ ಬರುವ ಸಾಧ್ಯತೆ ಕಡಿಮೆ.

ದೊಡ್ಡವರಿಗೂ ಬಿಡುವು ಬೇಕು. ಸಾಮಾನ್ಯವಾಗಿ ನಾವು ನಿಮಿಷಕ್ಕೆ ಹದಿನೈದರಷ್ಟು ಸಲ ಕಣ್ಣು ಮಿಟುಕಿಸುತ್ತೇವೆ. ಪರದೆಯ ಮುಂದೆ ಅದು ಬಹಳ ಕಡಿಮೆಯಾಗುತ್ತದೆ, ಕಣ್ಣು ಒಣಗುತ್ತದೆ, ಉರಿ ಶುರುವಾಗುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ದೂರದ ಏನನ್ನಾದರೂ ಇಪ್ಪತ್ತು ಸೆಕೆಂಡ್ ನೋಡಿ. ಅಂಗಳದ ತೆಂಗಿನ ಮರವಾದರೂ ಆದೀತು. ಮರೆತುಹೋಗುವವರು ‘ಕ್ಲಾಕ್’ನಲ್ಲಿ ಟೈಮರ್ ಇಟ್ಟುಕೊಳ್ಳಿ.

ಸೆಟ್ಟಿಂಗ್ಸ್ ಸಾಲದಿದ್ದಾಗ

ಇಷ್ಟೆಲ್ಲ ಹೊಂದಿಸಿದ ಮೇಲೆ ಒಂದು ಎಚ್ಚರಿಕೆ. ಅಕ್ಷರ ದೊಡ್ಡದು ಮಾಡುವುದು ಚಿಕಿತ್ಸೆಯಲ್ಲ. ಕೆಲವೊಮ್ಮೆ ಅದು ರೋಗವನ್ನು ಮುಚ್ಚಿಡುತ್ತದೆ. ಆರು ತಿಂಗಳ ಹಿಂದೆ 125 ಸಾಕಾಗಿದ್ದವರಿಗೆ ಈಗ 175 ಬೇಕಾಗಿದ್ದರೆ ಬದಲಾದದ್ದು ಕಂಪ್ಯೂಟರ್ ಅಲ್ಲ, ಕಣ್ಣು. ನಲವತ್ತು ದಾಟಿದವರಿಗೆ ಓದುವ ಕನ್ನಡಕ ಬೇಕಾಗಿರಬಹುದು. ವಯಸ್ಸಾದವರಲ್ಲಿ ಕಣ್ಣಿನ ಪೊರೆ ಬರುತ್ತಿರಬಹುದು. ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ಇನ್ನೂ ಎಚ್ಚರ ಬೇಕು. ಅದು ಕಣ್ಣಿನ ಅಕ್ಷಿಪಟಲಕ್ಕೆ ಮಾಡುವ ಹಾನಿ ಆರಂಭದಲ್ಲಿ ಗೊತ್ತೇ ಆಗುವುದಿಲ್ಲ. ದೃಷ್ಟಿ ಸರಿಯಿದ್ದರೂ ಅವರು ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆ ಮಾಡಿಸಿಕೊಳ್ಳಲೇಬೇಕು.

ಮಗು ಎಷ್ಟು ಹೇಳಿದರೂ ಪರದೆಗೆ ಮುಖ ತಾಗಿಸಿ ಕೂರುತ್ತಿದ್ದರೆ ಗದರಿಸಬೇಡಿ, ಕಣ್ಣು ಪರೀಕ್ಷೆ ಮಾಡಿಸಿ. ದೂರದಿಂದ ಕಾಣುವುದಿಲ್ಲ ಎಂದು ಹೇಳಲು ಅದಕ್ಕೆ ತಿಳಿದಿರುವುದಿಲ್ಲ, ಏಕೆಂದರೆ ಎಲ್ಲರಿಗೂ ಹೀಗೆಯೇ ಕಾಣುತ್ತದೆ ಎಂದು ಅದು ಭಾವಿಸಿರುತ್ತದೆ. ಇದ್ದಕ್ಕಿದ್ದಂತೆ ದೃಷ್ಟಿ ಮಂಜಾದರೆ, ಕಣ್ಣೊಳಗೆ ಮಿಂಚು ಹೊಡೆದಂತಾದರೆ, ತೀವ್ರ ನೋವಿನೊಂದಿಗೆ ಕಣ್ಣು ಕೆಂಪಾದರೆ ಮರುದಿನಕ್ಕೆ ಕಾಯದೆ ನೇತ್ರತಜ್ಞರಲ್ಲಿಗೆ ಹೋಗಿ.

ಈ ರಜಾದಿನ ಅರ್ಧ ಗಂಟೆ ಬಿಡುವು ಮಾಡಿಕೊಂಡು ಎಲ್ಲರೂ ಕಂಪ್ಯೂಟರ್ ಮುಂದೆ ಕೂಡಿ. ಒಬ್ಬೊಬ್ಬರನ್ನೇ ಕುರ್ಚಿಯಲ್ಲಿ ಕೂರಿಸಿ, ‘ಈಗ ಕಾಣುತ್ತದೆಯೇ, ಕುತ್ತಿಗೆ ನೋಯುತ್ತದೆಯೇ’ ಎಂದು ಕೇಳಿ. ಅಜ್ಜಿಯಿಂದಲೇ ಶುರುಮಾಡಿ. ಮಗನ ಮುಖ ಮಸುಕಾಗಿ ಕಾಣುತ್ತದೆ ಎಂದು ಅವರು ಇಷ್ಟು ದಿನ ಯಾರಿಗೂ ಹೇಳದೆ ಇದ್ದಿರಬಹುದು.