ಬೆಳಕಿನಿಂದ ಮಿದುಳನ್ನು ಅರಿಯುವ ಬಗೆ: ಮನೆಮಾತಿನ ಮಕ್ಕಳ ಪೋಷಕರಿಗೆ ಒಂದು ವಿವರಣೆ

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಕನ್ನಡ ಮನೆಗಳಿಗೆ ಹೋದಾಗಲೆಲ್ಲ ನಮಗೆ ಎರಡು ಪ್ರಶ್ನೆಗಳು ಎದುರಾಗುತ್ತವೆ. ಸಿರುಮುಗೈಯ ಮಗ್ಗದ ಮನೆಯಾಗಲಿ, ತಿರುಪ್ಪೂರಿನ ಬನಿಯನ್ ಕಂಪನಿಗೆ ದುಡಿಯಲು ಹೋಗುವವರ ಮನೆಯಾಗಲಿ, ಪ್ರಶ್ನೆಗಳು ಅವೇ. ಮೊದಲನೆಯದು: ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಪುಸ್ತಕದಲ್ಲಿ ಇಂಗ್ಲಿಷ್, ಇಷ್ಟು ಭಾಷೆಗಳಿಂದ ಮಗುವಿನ ಮಿದುಳಿಗೆ ಗೊಂದಲವಾಗದೆ? ಎರಡನೆಯದು: ಮಗುವಿನ ಮಿದುಳನ್ನು ಯಂತ್ರದಿಂದ ಪರೀಕ್ಷಿಸಿ ಬುದ್ಧಿಯನ್ನು ಅಳೆಯುತ್ತೇವೆಂದು ಹಣ ಕೇಳುವವರನ್ನು ನಂಬಬಹುದೆ? ಮಿದುಳಿನ ಚಟುವಟಿಕೆಯನ್ನು ಬೆಳಕಿನಿಂದ ಅಳೆಯುವ ವಿಜ್ಞಾನವನ್ನು ತಿಳಿದುಕೊಂಡರೆ ಈ ಎರಡಕ್ಕೂ ಉತ್ತರದ ದಾರಿ ಕಾಣುತ್ತದೆ.

ರಾತ್ರಿ ದೀಪವಾರಿಸಿ, ಮೊಬೈಲಿನ ಟಾರ್ಚ್ ಮೇಲೆ ಬೆರಳಿಟ್ಟು ನೋಡಿ. ಬಿಳಿಯ ಬೆಳಕು ಬೆರಳನ್ನು ದಾಟುವಾಗ ಕೆಂಪಾಗಿ ತೋರುತ್ತದೆ. ರಕ್ತದಲ್ಲಿರುವ ಹಿಮೋಗ್ಲೋಬಿನ್ ನೀಲಿ, ಹಸಿರು ಬೆಳಕನ್ನು ಹೀರಿಕೊಂಡು ಕೆಂಪನ್ನು ಹೆಚ್ಚಾಗಿ ಬಿಟ್ಟುಕೊಡುತ್ತದೆ. ಕೆಂಪಿನ ಆಚೆಗೆ, ಕಣ್ಣಿಗೆ ಕಾಣದ ಅವಕೆಂಪು ಬೆಳಕಿದೆ. ಟಿವಿಯ ರಿಮೋಟಿನಿಂದ ಹೊರಡುವುದು ಇದೇ ಬಗೆಯ ಬೆಳಕು. ಸುಮಾರು 650ರಿಂದ 950 ನ್ಯಾನೋಮೀಟರ್ ಅಲೆಯುದ್ದದ ಬೆಳಕು ಚರ್ಮ, ಮಾಂಸ, ಮೂಳೆಗಳನ್ನು ಸ್ವಲ್ಪಮಟ್ಟಿಗೆ ಹಾದುಹೋಗಬಲ್ಲದು.

ಕೊರೋನಾ ಕಾಲದಲ್ಲಿ ಬೆರಳಿಗೆ ಸಿಕ್ಕಿಸುತ್ತಿದ್ದ ಪಲ್ಸ್ ಆಕ್ಸಿಮೀಟರ್ ಈ ತತ್ತ್ವವನ್ನೇ ಆಧರಿಸಿದೆ. ಅದರ ಮೂಲತತ್ತ್ವವನ್ನು 1974ರಲ್ಲಿ ಮಂಡಿಸಿದವರು ಜಪಾನಿನ ತಕುವೋ ಅವೊಯಾಗಿ. ಆಮ್ಲಜನಕ ಹೊತ್ತ ರಕ್ತವೂ ಆಮ್ಲಜನಕ ಕಳೆದುಕೊಂಡ ರಕ್ತವೂ ಕೆಂಪು ಮತ್ತು ಅವಕೆಂಪು ಬೆಳಕನ್ನು ಬೇರೆಬೇರೆ ಪ್ರಮಾಣದಲ್ಲಿ ಹೀರುತ್ತವೆ. ಎರಡು ಬಗೆಯ ಬೆಳಕನ್ನು ಹಾಯಿಸಿ, ಉಳಿದು ಬಂದುದನ್ನು ಹೋಲಿಸಿದರೆ ರಕ್ತದ ಆಮ್ಲಜನಕದ ಲೆಕ್ಕ ಸಿಗುತ್ತದೆ.

ಇದನ್ನು ತಲೆಗೆ ಅನ್ವಯಿಸಬಹುದೆಂದು 1977ರಲ್ಲಿ ತೋರಿಸಿಕೊಟ್ಟವರು ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಫ್ರಾನ್ಸ್ ಯೋಬ್ಸಿಸ್. ಮಿದುಳಿನ ಒಂದು ಭಾಗ ಕೆಲಸಕ್ಕೆ ತೊಡಗಿದಾಗ ಅಲ್ಲಿಗೆ ಅಗತ್ಯಕ್ಕಿಂತಲೂ ಹೆಚ್ಚು ರಕ್ತ ಹರಿದುಬರುತ್ತದೆ. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಹೆಚ್ಚಿ, ಆಮ್ಲಜನಕ ಬಿಟ್ಟುದು ಕಡಿಮೆಯಾಗುತ್ತದೆ. ತಲೆಗೆ ತೊಡಿಸಿದ ಟೋಪಿಯಲ್ಲಿ ಒಂದೆಡೆ ಬೆಳಕು ಹೊರಡಿಸುವ ಬಿಂದು, ಸುಮಾರು ಮೂರು ಸೆಂಟಿಮೀಟರ್ ದೂರದಲ್ಲಿ ಬೆಳಕು ಹಿಡಿಯುವ ಬಿಂದು ಇರುತ್ತವೆ. ತಲೆಬುರುಡೆಯನ್ನು ದಾಟಿ, ಮಿದುಳಿನ ಮೇಲ್ಪದರದಲ್ಲಿ ಚದುರಿ ಮರಳಿದ ಬೆಳಕಿನಿಂದ ಈ ಬದಲಾವಣೆಯನ್ನು ಲೆಕ್ಕ ಹಾಕುತ್ತಾರೆ. ಇದಕ್ಕೆ ಎಫ್‌ನಿರ್ಸ್ ಎಂದು ಹೆಸರು. ಸೂಜಿಯಿಲ್ಲ, ಕ್ಷಕಿರಣವಿಲ್ಲ, ಎಂಆರ್‌ಐ ಯಂತ್ರದೊಳಗೆ ಮಲಗುವಂತೆ ಅಲುಗಾಡದೆ ಇರಬೇಕಾಗಿಯೂ ಇಲ್ಲ. ಕೂಸು ತಾಯಿಯ ಮಡಿಲಲ್ಲೇ ಕುಳಿತಿರಬಹುದು. ಶಿಶುಗಳ ಅಧ್ಯಯನಕ್ಕೆ ಈ ವಿಧಾನ ಒಗ್ಗಿರುವುದು ಇದರಿಂದಲೇ.

ಈಗ ಮೊದಲ ಪ್ರಶ್ನೆಗೆ ಬರೋಣ. 2003ರಲ್ಲಿ ಪ್ರಕಟವಾದ ಇಟಲಿಯ ಅಧ್ಯಯನವೊಂದರಲ್ಲಿ, ಹುಟ್ಟಿ ಕೆಲವೇ ದಿನಗಳಾದ ಶಿಶುಗಳಿಗೆ ಮಾತನ್ನು ನೇರವಾಗಿಯೂ ತಿರುಗುಮುರುಗಾಗಿಯೂ ಕೇಳಿಸಲಾಯಿತು. ನೇರವಾದ ಮಾತು ಕೇಳಿದಾಗ ಮಿದುಳಿನ ಎಡಭಾಗ ಹೆಚ್ಚು ಚುರುಕಾಯಿತು. ಮಾತಿಗೆ ಸ್ಪಂದಿಸುವ ಸಿದ್ಧತೆ ಕೂಸಿಗೆ ಹುಟ್ಟಿನಿಂದಲೇ ಇದೆ ಎಂಬುದಕ್ಕೆ ಇದೊಂದು ಸಾಕ್ಷಿ. 2012ರಲ್ಲಿ ಲಾರಾ ಆನ್ ಪೆಟಿಟೊ ಮತ್ತು ಸಂಗಡಿಗರು, ಒಂದೇ ಭಾಷೆಯ ಮನೆಯ ಶಿಶುಗಳನ್ನೂ ಎರಡು ಭಾಷೆಯ ಮನೆಯ ಶಿಶುಗಳನ್ನೂ ಇದೇ ವಿಧಾನದಿಂದ ಹೋಲಿಸಿದರು. ವರ್ಷ ತುಂಬುವ ಹೊತ್ತಿಗೆ, ಎರಡು ಭಾಷೆ ಕೇಳಿ ಬೆಳೆದ ಶಿಶುಗಳ ಮಿದುಳು ಪರಭಾಷೆಯ ಧ್ವನಿಭೇದಗಳಿಗೂ ಸ್ಪಂದಿಸುವ ಶಕ್ತಿಯನ್ನು ಉಳಿಸಿಕೊಂಡಿತ್ತು. ಇದು ಗೊಂದಲದ ಗುರುತಲ್ಲ. ಆದುದರಿಂದ ಮಗುವಿನ ಹಿತಕ್ಕಾಗಿ ಮನೆಯಲ್ಲಿ ಕನ್ನಡ ಬಿಡಿರೆಂಬ ಸಲಹೆಗೆ ಇಲ್ಲಿ ಯಾವ ಆಧಾರವೂ ಸಿಗುವುದಿಲ್ಲ. ತಮಿಳು ಕಲಿಯಬೇಕು, ಇಂಗ್ಲಿಷೂ ಬೇಕು. ಅದಕ್ಕಾಗಿ ಅಜ್ಜಿಯ ಮಾತನ್ನು ಮಗುವಿನಿಂದ ಕಿತ್ತುಕೊಳ್ಳಬೇಕಾಗಿಲ್ಲ.

ನಮ್ಮ ದೇಶದ ಹಳ್ಳಿಗಳಿಗೂ ಈ ಟೋಪಿ ಬಂದಿದೆ. ಉತ್ತರ ಪ್ರದೇಶದ ಶಿವಗಢದಲ್ಲಿ ನಾಲ್ಕು ತಿಂಗಳಿನಿಂದ ನಾಲ್ಕು ವರ್ಷದವರೆಗಿನ ಮಕ್ಕಳನ್ನು ಪರೀಕ್ಷಿಸಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ತಾಯಿಯ ಓದೂ ಮನೆಯ ಆದಾಯವೂ ಕಡಿಮೆಯಿದ್ದ ಮನೆಗಳ ಮಕ್ಕಳಲ್ಲಿ, ಕಂಡುದನ್ನು ನೆನಪಿನಲ್ಲಿ ಹಿಡಿದಿಡುವಾಗಿನ ಮಿದುಳಿನ ಚಟುವಟಿಕೆ ದುರ್ಬಲವಾಗಿತ್ತು, ಗಮನವೂ ಬೇಗ ಚದುರುತ್ತಿತ್ತು. ಇದು ತಾಯಂದಿರ ಮೇಲಿನ ಆರೋಪವಲ್ಲ. ಹೆಣ್ಣುಮಕ್ಕಳನ್ನು ಎಂಟನೆಯ ತರಗತಿಗೇ ಶಾಲೆ ಬಿಡಿಸಿ ಕಂಪನಿಗೆ ಕಳುಹಿಸುವ ನಮ್ಮಂಥ ಊರುಗಳಿಗೆ ಇದು ಎಚ್ಚರಿಕೆಯ ಮಾತು. ಇಂದಿನ ಹುಡುಗಿಯ ಓದು ನಾಳೆಯ ಕೂಸಿನ ಬಾಳಿಗೂ ಸಂಬಂಧಿಸಿದ್ದು.

ಎರಡನೆಯ ಪ್ರಶ್ನೆಗೆ ಉತ್ತರ ಈ ವಿಧಾನದ ಮಿತಿಗಳಲ್ಲಿದೆ. ಬೆಳಕು ಮಿದುಳಿನೊಳಗೆ ಬಹಳ ಆಳಕ್ಕೆ ಇಳಿಯದು, ಮೇಲ್ಪದರವನ್ನಷ್ಟೇ ತೋರಿಸೀತು. ರಕ್ತದ ಹರಿವು ಏರಲು ಕೆಲವು ಕ್ಷಣಗಳು ಬೇಕಾದ್ದರಿಂದ ಅಳತೆ ತಡವಾಗಿ ದೊರೆಯುತ್ತದೆ. ದಟ್ಟವಾದ ಕಪ್ಪು ಕೂದಲು ಬೆಳಕನ್ನು ತಡೆಯುತ್ತದೆ. ನೆತ್ತಿಯ ಚರ್ಮದ ರಕ್ತವೂ ಲೆಕ್ಕವನ್ನು ಕೆಡಿಸುತ್ತದೆ. ಮೇಲೆ ಹೇಳಿದ ಫಲಿತಾಂಶಗಳೆಲ್ಲ ಅನೇಕ ಮಕ್ಕಳ ಸರಾಸರಿಯಿಂದ ಬಂದವು. ನಿಮ್ಮ ಮಗ ಎಂಜಿನಿಯರ್ ಆಗುವನೇ, ನಿಮ್ಮ ಮಗಳು ಲೆಕ್ಕದಲ್ಲಿ ಜಾಣೆಯೇ ಎಂದು ಈ ಟೋಪಿ ಹೇಳಲಾರದು. ಪ್ರಯೋಗಾಲಯದ ಉಪಕರಣಕ್ಕೇ ಆಗದ್ದನ್ನು, ಬೆರಳಚ್ಚು ತೆಗೆದುಕೊಂಡೋ ಕಣ್ಣಿಗೆ ಬಟ್ಟೆ ಕಟ್ಟಿಯೋ ಮಾಡಿ ತೋರಿಸುತ್ತೇವೆ ಎನ್ನುವವರಿಗೆ ಒಂದು ಕಾಸನ್ನೂ ಕೊಡಬೇಡಿ. ಏನನ್ನು ಅಳೆಯುತ್ತೀರಿ, ಹೇಗೆ ಅಳೆಯುತ್ತೀರಿ, ಅದನ್ನು ಪರೀಕ್ಷಿಸಿ ಒಪ್ಪಿದವರು ಯಾರು ಎಂದು ಕೇಳಿ. ಮಗುವಿನ ಕೇಳುವಿಕೆ, ಮಾತು, ಕಲಿಕೆಯ ಬಗ್ಗೆ ನಿಜವಾದ ಚಿಂತೆಯಿದ್ದರೆ ಸರಕಾರಿ ಆಸ್ಪತ್ರೆಯ ವೈದ್ಯರನ್ನು ಕಾಣಿ.

ಆ ಹಣ ಮನೆಯಲ್ಲೇ ಉಳಿಯಲಿ; ಅದರಲ್ಲಿ ನಾಲ್ಕು ಕನ್ನಡ ಕಥೆಪುಸ್ತಕಗಳು ಬಂದಾವು. ಸಂಜೆ ಮಗ್ಗ ನಿಂತ ಮೇಲೆ, ಶಿಫ್ಟ್ ಮುಗಿದ ಮೇಲೆ, ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವುಗಳಲ್ಲಿ ಒಂದನ್ನು ಓದಿ ಹೇಳಿ. ಓದು ಬಾರದಿದ್ದರೆ ನಿಮಗೆ ಗೊತ್ತಿರುವ ಕಥೆಯನ್ನೇ ನಿಮ್ಮ ಮಾತಿನಲ್ಲಿ ಹೇಳಿ.